ಭಾವ ಆರಿಸಿಟ್ಟ ಮೊಂಡು ಗುಂಡುಗಳು

ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲೆಂದು ನನ್ನ ಹೆಂಡತಿ ಒಲೆಯ ಮೇಲೆ ಜೇನುಮೇಣ ಕರಗಿಸುತ್ತಿದ್ದಳು. ಅದಕ್ಕೆ ಎಣ್ಣೆ ಸುರಿದಾಗ ಎದ್ದ ವಾಸನೆ ನಡುಮನೆಯವರೆಗೂ ಬಂತು. ನಾನು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಏನಾಯ್ತೆಂದು ಅವಳು ಒಳಗಿನಿಂದ ಕೇಳಿದಳು. ಏನಿಲ್ಲ ಅಂದೆ. ರಿವಾಲ್ವರಿನ ಸೀಸದ ಗುಂಡಿಗೆ ಬಳಿಯುವ ಮೇಣದ ವಾಸನೆಯೂ ಇದೇ... ಭಾವನ ಅಂಗಿಯ ತೋಳಿನಿಂದ, ಅವರ ಬೆರಳುಗಳಿಂದ ಬರುತ್ತಿದ್ದದ್ದೂ ಇದೇ ವಾಸನೆ. ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಆನಗೋಡಿನ ಕಡೆಯವರು. ಸೈನ್ಯದಲ್ಲಿದ್ದು ಬಂದು, ದಾವಣಗೆರೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಬಹಳ ವರ್ಷ ಕಾವಲು ನಿಂತರು. ಅಲ್ಲಿಂದಲೂ ನಿವೃತ್ತರಾದ ಮೇಲೆ ಅದೇ ಊರಿನ ನಿಟ್ಟುವಳ್ಳಿಯ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಅವರ ಬಳಿ ಲೈಸೆನ್ಸಿನ ಒಂದು ಹಳೆಯ ರಿವಾಲ್ವರ್ ಇತ್ತು. ಭಾನುವಾರ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಶಾಮನೂರಿನಾಚೆ ಪಾಳುಬಿದ್ದ ಕಲ್ಲುಕ್ವಾರಿಗೆ ಹೋಗುತ್ತಿದ್ದರು. ಗುರಿಕಾರರ ಸಂಘವೊಂದು ಅಲ್ಲಿ ಮಣ್ಣಿನ ದಿಬ್ಬ ಏರಿಸಿ, ತಗಡಿನ ಚಪ್ಪರ ಹಾಕಿ ಗುರಿ ಹೊಡೆಯಲು ರೇಂಜ್ ಮಾಡಿಕೊಂಡಿತ್ತು. ವಾರದ ಆರು ದಿನ ಭಾವ ಯಾರ ಕಣ್ಣಿಗೂ ಬೀಳದ ಮನುಷ್ಯ. ಚಪ್ಪರದ ಕೆಳಗೆ ಮಾತ್ರ ಅವರು ನಿಂತರೆ ಉಳಿದವರು ಮಾತು ನಿಲ್ಲಿಸಿ ನೋಡುತ್ತಿದ್ದರು.

ನಾನು ಹರಿಹರದಲ್ಲಿ ಲೇತ್ ಇಟ್ಟುಕೊಂಡವನು. ಅಪ್ಪನ ಕಾಲದ ವರ್ಕ್‌ಶಾಪ್. ಅಕ್ಕನೂ ನಾನೂ ಅದರ ಎಣ್ಣೆ ನೆಲದಲ್ಲೇ ಆಡಿ ಬೆಳೆದೆವು. ಸಂಘದಲ್ಲಿ ಹಿತ್ತಾಳೆ ಕೊಳವೆಗೆ ಮದ್ದು, ಗುಂಡು ತುಂಬುವ ಕೈಯಂತ್ರವೊಂದು ಕೆಟ್ಟಾಗ ಭಾವ ನನ್ನನ್ನು ಕರೆದುಕೊಂಡು ಹೋಗಿದ್ದರು. ರಿಪೇರಿಗೆ ಹೋದವನು ಅಲ್ಲಿಯೇ ಸದಸ್ಯನಾದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಯಾವಾಗಲೂ ಮೇಸ್ತ್ರಿ ಎನ್ನುತ್ತಿದ್ದರು.

ಗುಂಡು ತುಂಬಲು ಸಂಘಕ್ಕೆ ಪರವಾನಗಿ ಇತ್ತು. ಅದಕ್ಕೆಂದೇ ಒಂದು ಬೀಗದ ಕೋಣೆ. ಅಲ್ಲಿಯ ಸಾಮಾನು ಅಲ್ಲಿಂದ ಹೊರಗೆ ಹೋಗುವಂತಿರಲಿಲ್ಲ. ಭಾವ ತುಂಬುತ್ತಿದ್ದದ್ದು ವಾಡ್‌ಕಟರ್ ಎಂಬ ಗುಂಡು. ಸಂಘದಲ್ಲಿ ಎಲ್ಲರೂ ಅದನ್ನು ಮೊಂಡು ಎನ್ನುತ್ತಿದ್ದರು, ಯಾಕೆಂದರೆ ಅದಕ್ಕೆ ಮೂಗಿಲ್ಲ. ಸೀಸದ ಸಣ್ಣ ಕಡ್ಡಿಯನ್ನು ಎರಡೂ ಕಡೆ ಚಪ್ಪಟೆಯಾಗಿ ಕತ್ತರಿಸಿಟ್ಟಂತೆ ಇರುತ್ತದೆ. ಚೂಪು ಗುಂಡು ಗುರಿಯ ಕಾಗದವನ್ನು ಹರಿಯುತ್ತದೆ. ಮೊಂಡು ಗುಂಡು ಕಚೇರಿಯ ಪಂಚಿಂಗ್ ಯಂತ್ರದ ಹಾಗೆ ದುಂಡಗೆ ಕೊರೆಯುತ್ತದೆ. ಎಲ್ಲಿ ಬಿತ್ತು ಎನ್ನುವ ಜಗಳವೇ ಇಲ್ಲ. ಗುಂಡು ಪೂರ್ತಿ ಹಿತ್ತಾಳೆ ಕೊಳವೆಯ ಒಳಗೇ ಕೂರುವುದರಿಂದ ತುಂಬಿದ ಕೊಳವೆಯೂ ದೂರದಿಂದ ಖಾಲಿಯಂತೆಯೇ ಕಾಣುತ್ತದೆ. ನೋಡಿದರೆ ಸಾಲದು, ಕೊಳವೆಯ ಬಾಯಿಗೆ ಬೆರಳಿಟ್ಟು ಮುಟ್ಟಿ ನೋಡಬೇಕು ಎಂದು ಭಾವ ಹೊಸಬರಿಗೆ ಹೇಳುತ್ತಿದ್ದರು.

ಆ ಗುಂಡಿನ ಅಚ್ಚನ್ನು ನಾನೇ ಮಾಡಿಕೊಟ್ಟಿದ್ದೆ. ಭಾವ ಅದರಲ್ಲಿ ಸೀಸ ಎರೆದು, ಆರಿದ ಮೇಲೆ ಒಂದೊಂದೇ ಗುಂಡು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಮುಂದಿನ ಮುಖ ಸ್ವಲ್ಪ ತರಚಿದ್ದರೂ ನಡೆಯುತ್ತದೆ, ಹಿಂದಿನ ಅಂಚು ಮಾತ್ರ ಚೂರೂ ಮುಕ್ಕಾಗಿರಬಾರದು. ಗುಂಡು ನಳಿಗೆಯಿಂದ ಬಿಡುಗಡೆಯಾಗುವಾಗ ಕೊನೆಗೆ ಮುಟ್ಟುವುದು ಆ ಅಂಚು. ಅದು ಸರಿಯಿಲ್ಲದಿದ್ದರೆ ದಾರಿ ತಪ್ಪುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗುಂಡನ್ನು ಮೆಲ್ಲಗೆ ಉರುಳಿಸಿ ಅವರು ಆ ಅಂಚನ್ನು ನೋಡುತ್ತಿದ್ದರು. ಸರಿ ಇದ್ದದ್ದು ಮರದ ತಟ್ಟೆಗೆ, ಇಲ್ಲದ್ದು ಮತ್ತೆ ಕರಗುವ ಬಾಣಲೆಗೆ. ಮಾತಿಲ್ಲ. ಬೆಳಗಿನ ಬಿಸಿಲು, ಮೇಣದ ವಾಸನೆ, ಗುಂಡು ತಟ್ಟೆಗೆ ಬೀಳುವ ಸದ್ದು... ನನ್ನ ಬದುಕಿನ ಒಳ್ಳೆಯ ಬೆಳಗುಗಳು ಅವು ಎಂದು ಆಗ ಗೊತ್ತಿರಲಿಲ್ಲ.

ಒಮ್ಮೆ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ಭಾವನ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮೆಲ್ಲಗೆ ಉಜ್ಜುತ್ತ ಉರುಳಿಸುತ್ತಿದ್ದವು. ನಡುವೆ ಗುಂಡು ಇರಲಿಲ್ಲ. ಅಕ್ಕ ನೋಡಿ, "ಊಟಕ್ಕ ಕುಂತ್ರೂ ಗುಂಡು ಆರಿಸೋದು ಬಿಡಂಗಿಲ್ಲ ನೋಡು ಈ ಮನುಷ್ಯ" ಅಂದಳು. ಮೂವರೂ ನಕ್ಕೆವು. ಭಾವ ಕೈಯನ್ನು ಎತ್ತಿ ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡರು.

ಆಮೇಲೆ ಯಾರೂ ಆ ವಿಷಯಕ್ಕೆ ನಗಲಿಲ್ಲ. ಬೆರಳಿನ ಉರುಳಾಟ ಮಣಿಕಟ್ಟಿಗೆ ಬಂತು. ಲೋಟದ ಚಹಾ ತುಳುಕತೊಡಗಿತು. ರೇಂಜಿನಲ್ಲಿ ಅವರ ಗುಂಡುಗಳು ಕಪ್ಪು ವೃತ್ತ ಬಿಟ್ಟು ಅಂಚಿನ ಬಿಳಿಯಲ್ಲಿ ಬೀಳತೊಡಗಿದವು. ಕನ್ನಡಕ ಬದಲಾಯಿಸಿ ನೋಡಿರೆಂದು ಸಂಘದ ಕಾರ್ಯದರ್ಶಿ ಹೇಳಿದರು. ಭಾವ ಬದಲಾಯಿಸಿದರು. ಏನೂ ಆಗಲಿಲ್ಲ. ಅಕ್ಕ ಬಿ.ಪಿ. ನೆಪ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇದು ನಡುಕದ ಕಾಯಿಲೆ, ಹಿಂದಕ್ಕೆ ಹೋಗುವಂಥದ್ದಲ್ಲ, ಮಾತ್ರೆಯಿಂದ ತಡೆಯಬಹುದು ಅಷ್ಟೆ ಎಂದು ಡಾಕ್ಟರು ಹೇಳಿದರಂತೆ. ಭಾವ ಮಾತ್ರೆ ನುಂಗಿದರು, ಡಾಕ್ಟರ ಮಾತನ್ನು ಒಪ್ಪಲಿಲ್ಲ. ತಪ್ಪು ಕೈಯದಲ್ಲ, ಗುಂಡಿನದು ಎಂದರು.

ಅವರ ವಾದಕ್ಕೆ ಒಂದು ಆಧಾರ ಇತ್ತು. ಆ ಕಾಯಿಲೆಯ ಗುಣವೇ ಹಾಗಂತೆ, ಕೈ ಸುಮ್ಮನಿದ್ದಾಗ ನಡುಗುತ್ತದೆ, ಕೆಲಸಕ್ಕೆ ಹಚ್ಚಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಭಾವ ರಿವಾಲ್ವರ್ ಎತ್ತಿದ ಕೂಡಲೇ ನಡುಕ ನಿಂತುಬಿಡುತ್ತಿತ್ತು. ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಗುರಿ ಕೂಡಿಸಿ ಉಸಿರು ಹಿಡಿದು ನಿಂತ ಮೇಲೆ, ಕುದುರೆ, ಅಂದರೆ ಟ್ರಿಗರ್, ಎಳೆಯುವ ಹೊತ್ತಿಗೆ, ಅದು ತಿರುಗಿ ಬರುತ್ತಿತ್ತು. ಎಷ್ಟು ಸಣ್ಣಗೆಂದರೆ, ಹಿಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ನನಗೆ ನಳಿಗೆಯ ತುದಿ ಅಲುಗುವುದು ಕಾಣುತ್ತಿತ್ತು.

"ಕೈ ನಿಂತೈತೆ, ನೀನೇ ನೋಡಿದ್ಯಲ್ಲ" ಎನ್ನುತ್ತಿದ್ದರು. "ಮೊಂಡು ಸರಿ ಇಲ್ಲ ಮೇಸ್ತ್ರಿ."

ಹಾಗೆ ಶುರುವಾಯಿತು. ಸೀಸ ಮೆತ್ತಗಾಯಿತು ಎಂದು ತವರ ಬೆರೆಸಿದರು. ಗಟ್ಟಿಯಾಯಿತು ಎಂದು ಮತ್ತೆ ಮೆತ್ತನೆಯದು ತಂದರು. ಹಿಂಬದಿ ಟೊಳ್ಳಾಗಿರುವ ಗುಂಡು ಬೇಕೆಂದರು, ಅದಕ್ಕೆ ಬೇರೆ ಅಚ್ಚು ಮಾಡಿಕೊಟ್ಟೆ. ಮೇಣದ ಹದ ಬದಲಾಯಿಸಿದರು. ಮದ್ದು ಅಳೆದು ಹಾಕುವ ಕೆಲಸವನ್ನು ನನಗೆ ಬಿಟ್ಟಿದ್ದರು, ಯಾಕೆಂದು ಇಬ್ಬರೂ ಹೇಳಲಿಲ್ಲ, ಕೇಳಲಿಲ್ಲ. ಆದರೆ ಗುಂಡು ಆರಿಸುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮೊದಲು ಹತ್ತರಲ್ಲಿ ಒಂದೆರಡು ಬಾಣಲೆಗೆ ಹೋಗುತ್ತಿದ್ದವು. ಈಗ ತಟ್ಟೆಯಲ್ಲಿ ಒಂದೆರಡು ಉಳಿದರೆ ಹೆಚ್ಚು. ಬೆಳಗಿನಿಂದ ಕೂತು ಎರೆದದ್ದನ್ನೆಲ್ಲ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕರಗಿಸುತ್ತಿದ್ದರು. ನನ್ನ ಕಣ್ಣಿಗೆ ಒಂದರಲ್ಲೂ ಕುಂದು ಕಾಣುತ್ತಿರಲಿಲ್ಲ. ಕೊನೆಗೆ ಒಂದು ದಿನ ಅಚ್ಚನ್ನೇ ಎತ್ತಿ ನನ್ನ ಮುಂದೆ ಇಟ್ಟು, ನಿನ್ನ ಲೇತು ಮುದುಕಾತು ಎಂದರು. ತಮಾಷೆ ಅಂದುಕೊಂಡು ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು.

"ಗುಂಡಿಂದಾದ್ರೆ ರಿಪೇರಿ ಐತೆ" ಅಂದರು. "ಕೈಯಿಂದು ಅಂದ್ರೆ... ನಾನು ಇನ್ಯಾಕ ಇರ್ಲಿ?"

ಈ ಮಾತನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರಿವಾಲ್ವರ್ ಇಡುವ ಬೀರುವಿನ ಕೀಲಿಯನ್ನು ಅವಳು ಆಗಲೇ ತನ್ನ ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದಳು. ಭಾನುವಾರ ತಾನೇ ತೆಗೆದು ಕೊಡುತ್ತಿದ್ದಳು, ಬಂದ ಕೂಡಲೇ ತಾನೇ ಇಡುತ್ತಿದ್ದಳು. ಕೀಲಿ ಎಲ್ಲಿ ಎಂದು ಭಾವ ಒಮ್ಮೆಯೂ ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಭಾವ ನನ್ನ ವರ್ಕ್‌ಶಾಪಿಗೆ ಬಸ್ಸಿನಲ್ಲಿ ಒಬ್ಬರೇ ಬಂದರು. ಒಂದು ಸ್ಟ್ಯಾಂಡ್ ಮಾಡಿಕೊಡು ಎಂದು ಕೇಳಿದರು. ರಿವಾಲ್ವರಿನ ಹಿಡಿಯನ್ನು ಉಕ್ಕಿನ ದವಡೆಯಲ್ಲಿ ಬಿಗಿದು, ಮನುಷ್ಯನ ಕೈ ಸೋಕದಂತೆ ಗುಂಡು ಹಾರಿಸುವ ಸ್ಟ್ಯಾಂಡ್. ಗುಂಡು ಪರೀಕ್ಷಿಸುವವರು ಅಂಥದ್ದನ್ನು ಇಟ್ಟುಕೊಂಡಿರುತ್ತಾರೆ. ಅದರಲ್ಲಿಟ್ಟು ಹೊಡೆದು ಚದುರಿದ ಕಾಗದ ತೋರಿಸಿದರೆ ಡಾಕ್ಟರೂ ಹೆಂಡತಿಯೂ ಬಾಯಿ ಮುಚ್ಚುತ್ತಾರೆ ಎಂಬುದು ಅವರ ಲೆಕ್ಕ. ಅದು ಏನು ತೋರಿಸುತ್ತದೆ ಎಂದು ನನಗೆ ಗೊತ್ತಿತ್ತು. ಆಗಲಿ ಅಂದೆ. ಬೇರೆ ಏನು ಅನ್ನಲಿ?

ಎರಡು ದಿನ ಬಿಟ್ಟು ಅಕ್ಕ ಬಂದಳು. ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಅಪ್ಪ ಇದ್ದಾಗ ಕೂರುತ್ತಿದ್ದ ಹಾಗೆಯೇ, ಅರ್ಧ ಆಗಿದ್ದ ಸ್ಟ್ಯಾಂಡನ್ನು ನೋಡಿದಳು. ಯಾವ ಬೋಲ್ಟು ಯಾವುದನ್ನು ಹಿಡಿಯುತ್ತದೆ ಎಂದು ಕೇಳಿದಳು. ಹೇಳಿದೆ.

"ಒಂದ್ಚೂರು ಸಡಿಲ ಇರ್ಲಿ ತಮ್ಮಾ" ಅಂದಳು. "ಗುಂಡು ಚದುರ್ಲಿ. ಗುಂಡಿಂದೇ ತಪ್ಪು ಅಂತ ನಂಬ್ಕೊಂಡು ಇನ್ನೊಂದಿಷ್ಟು ದಿನ ಇರ್ತಾರೆ."

ಆಗುವುದಿಲ್ಲ ಅಕ್ಕ ಎಂದೆ. ಭಾವ ಮುಟ್ಟಿದ ಕೂಡಲೇ ಕಂಡುಹಿಡಿಯುತ್ತಾರೆ, ಆಮೇಲೆ ನಮ್ಮಿಬ್ಬರ ಮಾತನ್ನೂ ನಂಬುವುದಿಲ್ಲ ಎಂದೆ. ಅವಳು ಮತ್ತೆ ಒತ್ತಾಯಿಸಲಿಲ್ಲ. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಎದ್ದು ಹೋದಳು.

ಶನಿವಾರ ಸಂಜೆ ಸ್ಟ್ಯಾಂಡನ್ನು ನಿಟ್ಟುವಳ್ಳಿಯ ಮನೆಯ ಅಂಗಳದಲ್ಲಿ ಇಳಿಸಿ ಅಲ್ಲಿಯೇ ಉಳಿದೆ. ಬೆಳಿಗ್ಗೆ ಭಾವನೂ ನಾನೂ ಅದನ್ನು ಆಟೋದಲ್ಲಿ ಹಾಕಿಕೊಂಡು ಕ್ವಾರಿಗೆ ಹೋದೆವು. ಬಿಸಿಲೇರುವ ಮುಂಚೆ ಮುಗಿಸಬೇಕೆಂದು ಭಾವ ಬೇಗ ಹೊರಡಿಸಿದ್ದರು. ಸಂಘದ ಬೇರೆ ಯಾರೂ ಬಂದಿರಲಿಲ್ಲ. ಸಿಮೆಂಟಿನ ಕಟ್ಟೆಗೆ ಸ್ಟ್ಯಾಂಡನ್ನು ಬಿಗಿದೆ. ನಾನು ಗುರಿಯ ಕಾಗದ ಅಂಟಿಸಿ ತಿರುಗಿ ಬರುವಾಗ ಭಾವ ಅದರ ದವಡೆಯ ಮೇಲೆ ಬಲಗೈ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು.

ಕಟಕಟ ಕಟಕಟ ಎಂದು ಸದ್ದು ಬರುತ್ತಿತ್ತು.

ಮೊದಲು ನನಗೆ ತಿಳಿಯಲಿಲ್ಲ. ಹತ್ತಿರ ಬಂದಾಗ ಕಂಡಿತು. ದವಡೆ ಸಡಿಲವಾಗಿತ್ತು. ಅದರ ಮೇಲಿಟ್ಟ ಭಾವನ ಕೈ ನಡುಗುತ್ತಿತ್ತು, ಕೈ ನಡುಗಿದಂತೆಲ್ಲ ಉಕ್ಕಿಗೆ ಉಕ್ಕು ಬಡಿಯುತ್ತಿತ್ತು. ಭಾವ ಕೈ ತೆಗೆದರು. ಸದ್ದು ನಿಂತಿತು. ಮತ್ತೆ ಇಟ್ಟರು. ಮತ್ತೆ ಅದೇ ಸದ್ದು. ತಮ್ಮ ಕೈಯ ಸದ್ದನ್ನು ಅವರು ಹಾಗೆ ಎಷ್ಟು ಹೊತ್ತು ಕೇಳಿದರೋ... ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ನಾನು ಬಗ್ಗಿ ನಟ್ಟು ನೋಡಿದೆ. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ನನ್ನ ಅಭ್ಯಾಸ. ಅಪ್ಪ ಹಾಗೆ ಮಾಡುತ್ತಿರಲಿಲ್ಲ, ಅದಕ್ಕೇ ಅಕ್ಕನಿಗೆ ಅದು ಗೊತ್ತಿರಲಿಲ್ಲ. ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಬೋಲ್ಟಿನ ಮೇಲಿನದು ಇನ್ನೊಂದು ಕಡೆ. ಯಾರೋ ತಿರುಗಿಸಿದ್ದರು. ಭಾವನೂ ನೋಡಿದರು. ನಾನೇನು ಹೇಳಬೇಕೆಂದು ಹುಡುಕುತ್ತಿರುವಾಗ ಅವರೇ ಅಂದರು, "ಬೆಳಿಗ್ಗೆ ಸ್ನಾನಕ್ಕ ಹೋದಾಗ ನಿಮ್ಮಕ್ಕ ಅಂಗಳದಾಗ ಏನೋ ಗುದ್ದಾಡ್ತಿದ್ಲು. ಕೇಳಿದ್ರೆ ನಲ್ಲಿ ಸೋರ್ತೈತೆ ಅಂದ್ಲು."

ಕ್ವಾರಿಯ ಅಂಚಿನಲ್ಲಿ ಒಂದು ಆಡು ನಿಂತು ನಮ್ಮನ್ನೇ ನೋಡುತ್ತಿತ್ತು. ಭಾವ ಹೋಗಿ ಅದನ್ನು ಓಡಿಸಿ ಬಂದರು.

"ಬಿಗಿ ಮಾಡು" ಅಂದರು.

ಬ್ಯಾಡ ಬಿಡ್ರಿ ಭಾವ, ಮನೆಗೆ ಹೋಗೋಣ ಎಂದೆ. ಬಿಗಿ ಮಾಡು ಎಂದು ಮತ್ತೆ ಹೇಳಿದರು, ಸೈನ್ಯದಲ್ಲಿ ಹೇಳುವ ಹಾಗೆ. ಮಾಡಿದೆ. ರಿವಾಲ್ವರನ್ನು ದವಡೆಯಲ್ಲಿ ಕೂರಿಸಿದೆ. ಮೊದಲು ತಟ್ಟೆಯಲ್ಲಿ ಆರಿಸಿಟ್ಟಿದ್ದ ಗುಂಡು, ಆಮೇಲೆ ತವರ ಬೆರೆಸಿದ್ದು, ಕೊನೆಗೆ ಸರಿಯಿಲ್ಲವೆಂದರೂ ಈ ಪರೀಕ್ಷೆಗೆಂದೇ ಅವರು ಕರಗಿಸದೆ ಬದಿಗಿಟ್ಟದ್ದು. ಕಟ್ಟೆಯ ಹಿಂದೆ ನಿಂತು ನಾನು ಕುದುರೆಗೆ ಕಟ್ಟಿದ ದಾರ ಎಳೆದೆ. ಮುಗಿದ ಮೇಲೆ ಇಬ್ಬರೂ ನಡೆದು ಹೋಗಿ ನೋಡಿದೆವು. ಮೂರು ಕಾಗದದಲ್ಲೂ ಗುಂಡುಗಳು ಒಂದರ ಮೈಮೇಲೆ ಒಂದು ಬಿದ್ದಿದ್ದವು. ಅಂಚು ಹರಿಯದ, ದುಂಡನೆಯ ತೂತು. ಬದಿಗಿಟ್ಟ ಗುಂಡುಗಳೂ ಹಾಗೆಯೇ. ಭಾವ ಎಡಗೈಯ ಹೆಬ್ಬೆರಳನ್ನು ತೂತಿನ ಮೇಲಿಟ್ಟರು. ಹೆಬ್ಬೆರಳ ಕೆಳಗೆ ಎಲ್ಲ ಮುಚ್ಚಿಹೋಯಿತು.

"ಚಲೋ ಎರೆದಿದ್ದೆ ನಾನು" ಅಂದರು. ಅಷ್ಟು ಹೇಳಿ ದಿಬ್ಬದ ಮಣ್ಣಿನ ಮೇಲೆಯೇ ಕೂತುಬಿಟ್ಟರು. ಅಳಲಿಲ್ಲ. ಬಾಯಿ ಅರ್ಧ ತೆರೆದುಕೊಂಡು, ಓಡಿ ಬಂದವರ ಹಾಗೆ ಉಸಿರಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಭುಜ ಮುಟ್ಟುವ ಧೈರ್ಯ ಬರಲಿಲ್ಲ.

ಎದ್ದಾಗ ಕಾಗದಗಳನ್ನು ಹರಿದು ನಾಲ್ಕು ಮಾಡಿ, ಎಂಟು ಮಾಡಿ, ಸೀಸ ಕರಗಿಸುವ ಒಲೆಗೆ ಹಾಕಿದರು.

"ಸಡಿಲ ಇದ್ದದ್ದು ನಾವು ನೋಡಿಲ್ಲ" ಅಂದರು. "ಹಂಗೇ ಹೊಡೆದ್ವಿ, ಗುಂಡು ಚದುರಿದ್ವು. ತಿಳೀತಾ? ಅವಳು ಅಷ್ಟು ಕಷ್ಟ ಬಿದ್ದು ಮಾಡಿದಾಳೆ. ಅವಳಿಗೆ ಗೊತ್ತಾಗಬಾರ್ದು."

"ನನ್ನ ಅಚ್ಚಿನ ಮರ್ಯಾದಿ, ಭಾವ?" ಎಂದೆ. ಏನಾದರೂ ಹೇಳಿ ಅವರನ್ನು ನಗಿಸಬೇಕಿತ್ತು.

"ನಿಂಗ್ಯಾವ ಮರ್ಯಾದಿ ಐತೆ ಹೋಗಲೇ" ಅಂದರು. ನಕ್ಕರು ಕೂಡ.

ಮನೆಗೆ ಬಂದ ಮೇಲೆ ಭಾವ ಆಡಿದ ಆಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದರು. ಗುಂಡೆಲ್ಲ ಒಂದೊಂದು ದಿಕ್ಕಿಗೆ ಹೋದವು, ನಿನ್ನ ತಮ್ಮನ ಅಚ್ಚು ದರಿದ್ರದ್ದು, ಇನ್ನು ಹೊಸದಾಗಿ ಮಾಡಿಸಬೇಕು ಎಂದು ಕೂಗಾಡಿದರು. ಅಕ್ಕನ ಮುಖ ಬೆಳಗಿತು. ಅದನ್ನು ಮುಚ್ಚಿಕೊಳ್ಳಲು ನನ್ನ ಮೇಲೆ ಹರಿಹಾಯ್ದಳು. ಅಪ್ಪನ ಹೆಸರು ಕೆಡಿಸಿದೆ, ನಿನಗೆ ಲೇತು ಕಲಿಸಿದವರು ಯಾರು ಎಂದು ಬೈಯುತ್ತ, ಬೈಯುತ್ತಲೇ ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟಳು. ನಾನು ತಲೆ ತಗ್ಗಿಸಿ ತಿಂದೆ. ಭಾವ ಹೇಳಿದ ಇನ್ನೊಂದು ಮಾತು ಅವಳಿಗೆ ಆ ಗದ್ದಲದಲ್ಲಿ ಸರಿಯಾಗಿ ಕೇಳಿಸಿತೋ ಇಲ್ಲವೋ. ಗುಂಡು ಸರಿ ಆಗುವ ತನಕ ರಿವಾಲ್ವರ್ ಮನೆಯಲ್ಲಿ ಯಾಕೆ ಬೇಕು, ನಾಳೆ ಹೋಗಿ ಬಂದೂಕಿನ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟು ಬರೋಣ ಅಂದರು. ಮರುದಿನ ನನ್ನನ್ನೇ ಜೊತೆಗೆ ಕರೆದುಕೊಂಡು ಹೋಗಿ ಇಟ್ಟು, ಪೊಲೀಸ್ ಠಾಣೆಗೂ ತಿಳಿಸಿ ಬಂದರು. ದಾರಿಯಲ್ಲಿ ಒಂದೇ ಮಾತು ಆಡಿದರು. ಇನ್ನು ಆ ಕೀಲಿ ಕಟ್ಟಿಕೊಂಡು ತಿರುಗುವ ಕೆಲಸ ಅವಳಿಗೆ ತಪ್ಪಿತು, ಅಂದರು.

ಆಮೇಲೆಯೂ ಭಾನುವಾರ ಸಂಘಕ್ಕೆ ಬರುತ್ತಿದ್ದರು. ಅಕ್ಕನ ಲೆಕ್ಕದಲ್ಲಿ ಹೊಸ ಗುಂಡು ಹುಡುಕಲು. ಕಿಟಕಿಯ ಹತ್ತಿರ ಕೂತು ಬೇರೆಯವರಿಗಾಗಿ ಗುಂಡು ಆರಿಸುತ್ತಿದ್ದರು. ಬೆರಳಲ್ಲಿ ಹಿಡಿಯಲು ಆಗದಾಗ ಗಾಜಿನ ಮೇಲೆ ಉರುಳಿಸಿ ನೋಡಿದರು. ಉರುಳಿಸಲೂ ಆಗದಾಗ ನಾನು ಉರುಳಿಸಿದೆ, ಅವರು ಹೂಂ, ಊಹೂಂ ಎಂದರು. ಮತ್ತೆ ಒಂದೂ ಗುಂಡು ಹಾರಿಸಲಿಲ್ಲ. ಕಾಲು ಬಿಗಿಯಿತು, ಮುಖದ ನಗು ಬಿಗಿಯಿತು, ಮಾತು ಸಣ್ಣದಾಯಿತು. ಒಮ್ಮೆ ಬಚ್ಚಲಲ್ಲಿ ಬಿದ್ದರು. ಹೋದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಕೊನೆಯ ದಿನಗಳಲ್ಲಿ ಅವರು ಏನು ಹೇಳುತ್ತಿದ್ದಾರೆಂದು ಅಕ್ಕನಿಗೆ ಮಾತ್ರ ತಿಳಿಯುತ್ತಿತ್ತು. ನನ್ನ ಕಡೆ ನೋಡಿ ಒಮ್ಮೆ ಏನೋ ಅಂದರು. ಅಕ್ಕ ನನಗೆ ಬಿಡಿಸಿ ಹೇಳಿದಳು. ಅಚ್ಚು ಸರಿ ಆತಾ ಅಂತ ಕೇಳ್ತಿದಾರೆ. ಅವಳ ಮುಂದೆ ಕೊನೆಯವರೆಗೂ ಅವರು ಆ ಆಟ ಬಿಡಲಿಲ್ಲ. ಆತು ಭಾವ ಎಂದೆ.

ಮೊನ್ನೆ ಆ ಮೇಣದ ವಾಸನೆಯಿಂದ ಅಂಗಳಕ್ಕೆ ಹೋಗಿ ನಿಂತವನು ಮತ್ತೆ ಒಳಗೆ ಹೋಗಲಾಗದೆ ಬೈಕ್ ಹತ್ತಿ ದಾವಣಗೆರೆಗೆ ಹೋದೆ. ಅಕ್ಕ ಒಬ್ಬಳೇ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಾಯಿ ಬಿಟ್ಟಳು. ಆ ದಿನ ನಿನ್ನ ಸ್ಟ್ಯಾಂಡಿನ ನಟ್ಟು ಸಡಿಲ ಮಾಡಿದ್ದು ನಾನೇ ಎಂದಳು. ಅವರು ನನ್ನನ್ನು ನಂಬಿಕೊಂಡೇ ಹೋದರು, ಕಟ್ಟಿಕೊಂಡ ಗಂಡನಿಗೆ ಮೋಸ ಮಾಡಿದೆ, ರಾತ್ರಿಯೆಲ್ಲ ಅದೇ ಬಂದು ಎದೆಯ ಮೇಲೆ ಕೂರುತ್ತದೆ, ನಿದ್ದೆ ಇಲ್ಲ ಎಂದಳು. ಅವಳು ಬಹಳ ಸೊರಗಿದ್ದಳು. ಅವಳನ್ನು ಹಾಗೆ ನೋಡಿದ ಮೇಲೆ ಭಾವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಎಲ್ಲವನ್ನೂ ಹೇಳಿದೆ. ಅವರ ಕೈ ಮಾಡಿದ ಸದ್ದು, ಮುರಿದ ಗೆರೆ, ಮತ್ತೆ ಬಿಗಿ ಮಾಡಿಸಿದ್ದು, ತೂತಿನ ಮೇಲೆ ಇಟ್ಟ ಹೆಬ್ಬೆರಳು, ಒಲೆಗೆ ಹಾಕಿದ ಕಾಗದ. ನೀನು ಮೋಸ ಮಾಡಲಿಲ್ಲ ಅಕ್ಕ, ಅವರಿಗೆ ಅವತ್ತೇ ಗೊತ್ತಾಗಿತ್ತು, ನಿನಗೆ ನೋವಾಗಬಾರದು ಎಂದು ಗೊತ್ತಿಲ್ಲದವರ ಹಾಗೆ ಇದ್ದರು ಎಂದೆ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

ಅಕ್ಕನ ಕೈ ನಿಂತಿತು.

"ಅಷ್ಟು ದಿನ ಅವರು ಬಚ್ಚಲ್ದಾಗ ನೀರು ಬಿಟ್ಕೊಂಡು ಅಳೋರು" ಅಂದಳು. "ನನಗೆ ಕೇಳಿಸ್ತಿತ್ತು. ನಾನು ಅಡಿಗಿಮನ್ಯಾಗ ಮಿಕ್ಸಿ ಹಚ್ಚಿ ಅಳ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಅವಾಗ್ಲೇ ಹೇಳಿದ್ರೆ ಇಬ್ರೂ ಕೂಡಿ ಅಳ್ತಿದ್ವಲ್ಲೋ ತಮ್ಮಾ."

ಇಬ್ಬರೂ ಉಳಿದ ಕಾಯಿ ಸುಲಿದು ಮುಗಿಸಿದೆವು. ಅವಳು ಎದ್ದು ಒಬ್ಬಳಿಗೆ ಆಗುವಷ್ಟು ಕಾಳನ್ನು ಪಾತ್ರೆಗೆ ಹಾಕಿಕೊಂಡು, ಮಿಕ್ಕದ್ದನ್ನೆಲ್ಲ ನನ್ನ ಚೀಲಕ್ಕೆ ಸುರಿದಳು.